ಮಗು ಓದಲು ಎಡವುತ್ತಿದೆಯೇ? ಫೋನ್ ಹಿಡಿದು ಗಮನಿಸುವ ಬಗೆ

ಮಗುವಿಗೆ ಓದಲು ಕಷ್ಟವಾಗುತ್ತಿದೆ ಅನ್ನಿಸಿದ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಫೋನ್ ತೆಗೆದು 'ಡಿಸ್ಲೆಕ್ಸಿಯಾ ಟೆಸ್ಟ್' ಎಂದು ಹುಡುಕುತ್ತಾರೆ. ಸಾಲುಸಾಲು ಆ್ಯಪ್‌ಗಳು ಬರುತ್ತವೆ. ಸ್ವಲ್ಪ ಹೊತ್ತು ಆಟ ಆಡಿಸಿ ಕೊನೆಗೆ ಒಂದು ಅಂಕ ಕೊಡುತ್ತವೆ. ಕೆಂಪು ಬಂದರೆ ಮನೆಯಲ್ಲಿ ಗಾಬರಿ, ಹಸಿರು ಬಂದರೆ ನೆಮ್ಮದಿ. ಎರಡಕ್ಕೂ ಅವಸರ ಬೇಡ.

ಫೋನೇ ಬೇಡ ಅಂತಲ್ಲ. ನಿಮ್ಮ ಕೈಯಲ್ಲಿರುವ ಮಾಮೂಲಿ ಫೋನ್ ಈ ಕೆಲಸಕ್ಕೆ ಬಹಳ ಒಳ್ಳೆಯ ಸಾಧನ. ಆದರೆ ಅದರ ಹೆಚ್ಚಿನ ಉಪಯೋಗ ಅಂಕ ಕೊಡುವುದರಲ್ಲಿಲ್ಲ. ಮಗು ಓದಿದ್ದನ್ನು ಇದ್ದದ್ದು ಇದ್ದ ಹಾಗೆ ಹಿಡಿದಿಟ್ಟು, ನಾವು ಸಮಾಧಾನವಾಗಿ ಮತ್ತೆ ಮತ್ತೆ ಕೇಳುವಂತೆ ಮಾಡುತ್ತದಲ್ಲ, ಅದು ದೊಡ್ಡದು. ಮಗು ಎಷ್ಟು ತಪ್ಪು ಮಾಡಿತು ಅನ್ನುವುದಕ್ಕಿಂತ ಎಲ್ಲಿ ತಡೆಯಿತು, ಯಾವ ಥರದ ತಪ್ಪು ಮಾಡಿತು ಅನ್ನುವುದು ಜಾಸ್ತಿ ಹೇಳುತ್ತದೆ. ಈ ಲೇಖನ ಆ ತಪ್ಪುಗಳ ಜಾಡು ಹಿಡಿಯುವ ಬಗ್ಗೆ. ತಂದೆತಾಯಿಗೂ ಆಗುತ್ತದೆ, ತರಗತಿಯ ಟೀಚರ್‌ಗೂ ಆಗುತ್ತದೆ.

ಮೊದಲಿಗೆ, ಏನನ್ನು ಹುಡುಕುತ್ತಿದ್ದೇವೆ?

ಡಿಸ್ಲೆಕ್ಸಿಯಾ ಅಂದರೆ ಬರೆದ ಪದವನ್ನು ಸರಿಯಾಗಿ, ಸಲೀಸಾಗಿ ಓದಲು ಆಗುವ ತೊಂದರೆ. ಕಾಗುಣಿತದ ತಪ್ಪುಗಳೂ ಜೊತೆಗೇ ಬರುತ್ತವೆ. ಬಹಳಷ್ಟು ಮಕ್ಕಳಲ್ಲಿ ಇದರ ಬೇರು ಇರುವುದು ಕಣ್ಣಿನಲ್ಲಲ್ಲ, ಮಾತಿನ ಸದ್ದುಗಳನ್ನು ಬಿಡಿಸಿ ಜೋಡಿಸುವ ಮೆದುಳಿನ ಕೆಲಸದಲ್ಲಿ. ಮಗುವಿನ ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ವಂಶದಲ್ಲಿ ಹರಿದು ಬರುವುದುಂಟು. ಹಾಗಾಗಿ ತಂದೆಗೋ ತಾಯಿಗೋ ಸೋದರಮಾವನಿಗೋ ಚಿಕ್ಕಂದಿನಲ್ಲಿ ಓದು ಕಷ್ಟವಾಗಿತ್ತಾ ಎಂದು ಕೇಳಿ ಬರೆದಿಡಿ. ಯಾವ ಆ್ಯಪ್‌ಗಿಂತಲೂ ಈ ಒಂದು ಪ್ರಶ್ನೆ ಅಗ್ಗ, ಉಪಯೋಗವೂ ಹೆಚ್ಚು.

ಅಕ್ಷರಗಳನ್ನು ತಿರುಗುಮುರುಗು ಬರೆಯುವುದೇ ಡಿಸ್ಲೆಕ್ಸಿಯಾ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಓದು ಕಲಿಯುವ ಮೊದಲ ವರ್ಷಗಳಲ್ಲಿ ಬಹುತೇಕ ಎಲ್ಲ ಮಕ್ಕಳೂ ಹಾಗೆ ಬರೆಯುತ್ತಾರೆ. ಅದೊಂದನ್ನೇ ಹಿಡಿದು ತೀರ್ಮಾನಕ್ಕೆ ಬರಬೇಡಿ.

1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಓದನ್ನು ಎರಡು ಭಾಗ ಮಾಡಿ ತೋರಿಸಿದರು. ಒಂದು, ಅಕ್ಷರ ನೋಡಿ ಪದ ಬಿಡಿಸುವುದು. ಇನ್ನೊಂದು, ಭಾಷೆ ಅರ್ಥವಾಗುವುದು. ಎರಡರಲ್ಲಿ ಒಂದು ಸೋತರೂ ಓದು ಕುಂಟುತ್ತದೆ. ಡಿಸ್ಲೆಕ್ಸಿಯಾದಲ್ಲಿ ಮುಖ್ಯವಾಗಿ ಸೋಲುವುದು ಮೊದಲನೆಯದು. ಕೆಳಗಿನ ಎಲ್ಲ ಹೆಜ್ಜೆಗಳೂ ಈ ಎರಡನ್ನು ಬೇರೆ ಬೇರೆಯಾಗಿ ನೋಡುವ ಪ್ರಯತ್ನವೇ.

ಹೆಜ್ಜೆ 1: ಕಣ್ಣು, ಕಿವಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಕಣ್ಣಿನ ಪರೀಕ್ಷೆ ಮಾಡಿಸಿ, ಕಿವಿಯದ್ದೂ ಮಾಡಿಸಿ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯೊಳಗೆ ನೀರು ನಿಂತು ಒಂದು ವಾರ ಚೆನ್ನಾಗಿ, ಇನ್ನೊಂದು ವಾರ ಮಂದವಾಗಿ ಕೇಳಿಸಬಹುದು. ಫೋನಿನಲ್ಲಿ ಕಿವಿ ಪರೀಕ್ಷಿಸುವ ಆ್ಯಪ್‌ಗಳಿವೆ. ಆದರೆ ಹೆಡ್‌ಫೋನ್ ಬೇರೆಯಾದರೆ ಫಲಿತಾಂಶವೂ ಬೇರೆಯಾಗುತ್ತದೆ. ಅನುಮಾನ ಬಂದರೆ ಆಡಿಯಾಲಜಿಸ್ಟ್ ಹತ್ತಿರವೇ ಹೋಗಿ.

ಹೆಜ್ಜೆ 2: ಓದಲು ಏನು ಕೊಡಬೇಕು

ಮಗು ಮೊದಲು ನೋಡಿರದ ಪಾಠ ಬೇಕು. ಮಕ್ಕಳು ತಮ್ಮ ಪಠ್ಯಪುಸ್ತಕವನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಪುಟ ತೆರೆದ ಕೂಡಲೇ ಸರಸರ ಓದಿದರೆ ಅದು ಓದೋ ನೆನಪೋ ಗೊತ್ತಾಗುವುದಿಲ್ಲ. ಬಾಯಿಪಾಠದಲ್ಲಿ ಜಾಣರಾದ ಮಕ್ಕಳೇ ಎಷ್ಟೋ ಸಲ ಮೂರ್ನಾಲ್ಕು ವರ್ಷ ಯಾರ ಕಣ್ಣಿಗೂ ಬೀಳದೆ ದಾಟಿಬಿಡುತ್ತಾರೆ.

ಮೂರು ತುಣುಕು ಸಿದ್ಧ ಮಾಡಿಕೊಳ್ಳಿ. ಒಂದು ಮಗುವಿನ ತರಗತಿಯ ಮಟ್ಟದ್ದು, ಇನ್ನೊಂದು ಅದಕ್ಕಿಂತ ಒಂದು ತರಗತಿ ಕೆಳಗಿನದು, ಮೂರನೆಯದು ಎರಡು ತರಗತಿ ಕೆಳಗಿನದು. ಪ್ರತಿಯೊಂದೂ ಒಂದು ನಿಮಿಷಕ್ಕಿಂತ ಉದ್ದವಾಗಿರಲಿ. ಸುಲಭದ್ದರಿಂದ ಶುರುಮಾಡಿ. ಮೊದಲ ಸಾಲಿನಲ್ಲೇ ಸೋತ ಮಗು ಮುಂದಿನದನ್ನು ಮನಸ್ಸಿಟ್ಟು ಓದುವುದಿಲ್ಲ.

ಪರದೆಯ ಮೇಲೆ ಓದಿಸುವುದೋ ಕಾಗದದ ಮೇಲೋ? ಕಾಗದವೇ ಲೇಸು. ಪರದೆಯಲ್ಲೇ ಆಗಬೇಕೆಂದರೆ ಪ್ರತಿ ಸಲವೂ ಅದೇ ಫಾಂಟ್, ಅದೇ ಗಾತ್ರ ಇರಲಿ. ಇಲ್ಲದಿದ್ದರೆ ಈ ತಿಂಗಳ ಓದನ್ನು ಮುಂದಿನ ತಿಂಗಳ ಓದಿಗೆ ಹೋಲಿಸಲು ಆಗುವುದಿಲ್ಲ. ಕನ್ನಡದ ಒತ್ತಕ್ಷರಗಳು ಸಣ್ಣ ಪರದೆಯಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ.

ಹೆಜ್ಜೆ 3: ಒಂದು ನಿಮಿಷದ ರೆಕಾರ್ಡಿಂಗ್

ಸದ್ದಿಲ್ಲದ ಜಾಗ, ಮೇಜಿನ ಮೇಲೆ ಫೋನ್, ಏರ್‌ಪ್ಲೇನ್ ಮೋಡ್. ವಿಡಿಯೋ ಬೇಡ, ಧ್ವನಿ ಸಾಕು. ಕ್ಯಾಮೆರಾ ಎದುರಿಗಿದ್ದರೆ ಮಗು ಬಿಗಿಯಾಗುತ್ತದೆ. 'ನೀನು ಓದಿದ್ದನ್ನು ಆಮೇಲೆ ಕೇಳೋಣ ಅಂತ ರೆಕಾರ್ಡ್ ಮಾಡ್ತೀನಿ' ಎಂದು ಮೊದಲೇ ಹೇಳಿ. ಕದ್ದು ರೆಕಾರ್ಡ್ ಮಾಡಬೇಡಿ. 'ಬೇಗ ಬೇಗ ಓದು' ಎಂದೂ ಹೇಳಬೇಡಿ. ಯಾವಾಗಲೂ ಓದುವ ಹಾಗೆ ಓದಿದರೆ ಸಾಕು. ಟೈಮರ್‌ನ ಗಂಟೆ ಮಗುವಿಗೆ ಕೇಳಿಸದಿರಲಿ. ರೆಕಾರ್ಡಿಂಗ್‌ನಲ್ಲಿ ಸಮಯ ಹೇಗೂ ಸಿಗುತ್ತದೆ.

ನಡುವೆ ಮಗು ಒಂದು ಪದದಲ್ಲಿ ಸಿಕ್ಕಿಕೊಂಡರೆ 3 ಸೆಕೆಂಡ್ ಕಾಯಿರಿ. ಆಗಲೂ ಬರದಿದ್ದರೆ ಪದ ಹೇಳಿಕೊಟ್ಟು ಮುಂದೆ ಬಿಡಿ. ಅದನ್ನು ತಪ್ಪು ಎಂದು ಎಣಿಸಿ. ಮಗು ತಾನೇ ತಿದ್ದಿಕೊಂಡರೆ ತಪ್ಪಲ್ಲ. ಆದರೆ ತಿದ್ದಿಕೊಂಡದ್ದನ್ನು ಬೇರೆ ಗುರುತು ಹಾಕಿ ಬರೆದಿಡಿ. ಪದೇ ಪದೇ ತಿದ್ದಿಕೊಳ್ಳುವ ಮಗು ಅರ್ಥ ಹಿಡಿದುಕೊಂಡೇ ಓದುತ್ತಿದೆ ಎಂದಾಯಿತು, ಅದು ಒಳ್ಳೆಯ ಸುದ್ದಿ.

'ಹಣ್ಣು' ಎಂಬುದನ್ನು 'ಅಣ್ಣು' ಎಂದರೆ, 'ಶಾಲೆ'ಯನ್ನು 'ಸಾಲೆ' ಎಂದರೆ ತಪ್ಪು ಲೆಕ್ಕ ಹಾಕಬೇಡಿ. ಮನೆಯಲ್ಲಿ ಮಾತಾಡುವ ರೀತಿಯಲ್ಲೇ ಮಗು ಓದುತ್ತಿದೆ, ಅಷ್ಟೆ.

ಹೆಜ್ಜೆ 4: ಎಣಿಸುವುದು, ಅದೂ ಕೈಯಲ್ಲೇ

ಇಂಗ್ಲಿಷ್‌ನಲ್ಲಿ ನಿಮಿಷಕ್ಕೆ ಎಷ್ಟು ಪದ ಸರಿಯಾಗಿ ಓದಿತು ಎಂದು ಎಣಿಸುತ್ತಾರೆ. ಅಮೆರಿಕದ ಮಕ್ಕಳ ಓದಿನಿಂದ ಹಾಸ್‌ಬ್ರೂಕ್ ಮತ್ತು ಟಿಂಡಲ್ 2017ರಲ್ಲಿ ಕೊಟ್ಟ ಪಟ್ಟಿ ತುಂಬ ಬಳಕೆಯಲ್ಲಿದೆ. ಅದರ ಪ್ರಕಾರ ಎರಡನೇ ತರಗತಿಯ ಕೊನೆಗೆ ನಡುಮಟ್ಟದ ಮಗು ನಿಮಿಷಕ್ಕೆ 100 ಪದ ಓದುತ್ತದೆ. ಎಷ್ಟೋ ಆ್ಯಪ್‌ಗಳು ಇಂಥ ಅಂಕಿಗಳನ್ನೇ ಎಲ್ಲ ಭಾಷೆಗೂ ಹಚ್ಚುತ್ತವೆ. ಕನ್ನಡಕ್ಕೆ ಅದನ್ನು ಹಚ್ಚಿದರೆ ನಮ್ಮ ಅರ್ಧ ತರಗತಿಯೇ ಕೆಂಪು ಪಟ್ಟಿಗೆ ಸೇರೀತು. 'ಹೋಗಿಬಿಟ್ಟಿದ್ದನಂತೆ' ನಮಗೆ ಒಂದೇ ಪದ. ಅದನ್ನು ಇಂಗ್ಲಿಷ್‌ನಲ್ಲಿ ಹೇಳಲು ನಾಲ್ಕೈದು ಪದ ಬೇಕು.

ಹಾಗಾಗಿ ಕನ್ನಡದಲ್ಲಿ ಪದ ಬಿಟ್ಟು ಅಕ್ಷರ ಎಣಿಸಿ. ಇಲ್ಲೂ ಕಂಪ್ಯೂಟರ್ ಕೈಕೊಡುತ್ತದೆ. 'ಸ್ತ್ರೀ' ನಮಗೆ ಒಂದು ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು ಸಂಕೇತಗಳ ಸರಪಳಿ. 'ವಿದ್ಯಾರ್ಥಿ'ಯಲ್ಲಿ ಮೂರು ಅಕ್ಷರ, ಸಂಕೇತಗಳು ಹತ್ತು. ಸ್ಪ್ರೆಡ್‌ಶೀಟಿನ ಉದ್ದ ಎಣಿಸುವ ಸೂತ್ರ ಸಂಕೇತಗಳನ್ನೇ ಎಣಿಸುತ್ತದೆ. ನಂಬಬೇಡಿ. ಒಂದು ಸಲ ಕೈಯಲ್ಲಿ ಎಣಿಸಿ, ಪ್ರತಿ ಸಾಲಿನ ಕೊನೆಗೆ ಅಲ್ಲಿಯವರೆಗಿನ ಒಟ್ಟು ಸಂಖ್ಯೆ ಬರೆದಿಟ್ಟುಕೊಂಡರೆ ಸಾಕು, ಮತ್ತೆಂದೂ ಎಣಿಸಬೇಕಿಲ್ಲ.

60ನೇ ಸೆಕೆಂಡಿಗೆ ಮಗು ಎಲ್ಲಿ ಇತ್ತೋ ಅಲ್ಲಿಗೆ ಗೆರೆ ಹಾಕಿ. ಅಲ್ಲಿಯವರೆಗಿನ ಅಕ್ಷರಗಳಲ್ಲಿ ತಪ್ಪಾದವನ್ನು ಕಳೆಯಿರಿ. ಬಂದ ಸಂಖ್ಯೆಯನ್ನು ದಿನಾಂಕದ ಜೊತೆ ಬರೆದಿಡಿ. ಇದನ್ನು ಬೇರೆ ಯಾವ ಪಟ್ಟಿಗೂ ಹೋಲಿಸಬೇಡಿ. ಅದೇ ಮಗುವಿನ ಹಿಂದಿನ ಸಂಖ್ಯೆಗೆ, ಟೀಚರ್ ಆಗಿದ್ದರೆ ಅದೇ ತರಗತಿಯ ಉಳಿದ ಮಕ್ಕಳ ಸಂಖ್ಯೆಗೆ ಹೋಲಿಸಿ.

ವೇಗಕ್ಕೆ ಇಷ್ಟು ಒತ್ತು ಯಾಕೆ? ಕನ್ನಡದಲ್ಲಿ ಬರೆದದ್ದಕ್ಕೂ ಉಚ್ಚಾರಕ್ಕೂ ದೂರ ಕಡಿಮೆ. ಇಂಥ ಲಿಪಿಗಳಲ್ಲಿ, ಉದಾಹರಣೆಗೆ ಇಟಾಲಿಯನ್, ಜರ್ಮನ್, ಫಿನ್ನಿಷ್ ಓದುವವರಲ್ಲಿ, ಡಿಸ್ಲೆಕ್ಸಿಯಾ ತಪ್ಪುಗಳಿಗಿಂತ ನಿಧಾನದಲ್ಲಿ ಹೆಚ್ಚು ಕಾಣುತ್ತದೆ. ಮಗು ಸರಿಯಾಗಿಯೇ ಓದುತ್ತದೆ, ಆದರೆ ಒಂದೊಂದೇ ಅಕ್ಷರ ಕೂಡಿಸಿಕೊಂಡು. ತಪ್ಪಿಲ್ಲವಲ್ಲ ಎಂದು ನಾವು ಸುಮ್ನೆ ಇದ್ದುಬಿಡುತ್ತೇವೆ.

ಹೆಜ್ಜೆ 5: ತಪ್ಪುಗಳನ್ನು ವಿಂಗಡಿಸುವುದು

ಈ ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವ ಹೆಜ್ಜೆ ಇದು. ರೆಕಾರ್ಡಿಂಗ್ ಅನ್ನು ಅರ್ಧ ವೇಗದಲ್ಲಿ ಹಾಕಿ, ಪಾಠದ ಇನ್ನೊಂದು ಪ್ರತಿ ಕೈಯಲ್ಲಿ ಹಿಡಿದು ಕೇಳಿ. ಮಗು ಓದಿದ್ದನ್ನು ಪದದ ಮೇಲೆ ಹಾಗೆಯೇ ಬರೆಯಿರಿ.

ಒತ್ತು ಬಿಟ್ಟು ಓದುತ್ತಿದೆಯೇ? 'ಪುಸ್ತಕ' ಹೋಗಿ 'ಪುಸಕ' ಆಯಿತೇ? ಕಾಗುಣಿತದ ಗುರುತು ತಪ್ಪುತ್ತಿದೆಯೇ, ಅಂದರೆ 'ಕೊಡು' ಇದ್ದದ್ದು 'ಕೋಡು' ಅಥವಾ 'ಕೆಡು' ಆಗುತ್ತಿದೆಯೇ? ಒಂದೇ ಥರ ಕಾಣುವ ಅಕ್ಷರಗಳು ಅದಲುಬದಲಾಗುತ್ತಿವೆಯೇ? ಪ ಮತ್ತು ಷ, ಮ ಮತ್ತು ವ, ನ ಮತ್ತು ಸ ಹೀಗೆ ಗೊಂದಲ ಮಾಡುವ ಜೋಡಿಗಳು. ಅರ್ಕಾವೊತ್ತು ಬೇರೆಯೇ ಕಥೆ. 'ವರ್ಷ' ಎಂಬಲ್ಲಿ ರಕಾರದ ಗುರುತು ಷ ಆದಮೇಲೆ ಕಾಣುತ್ತದೆ, ಉಚ್ಚಾರ ಮಾತ್ರ ಮೊದಲು ಬರುತ್ತದೆ. ಅಲ್ಲಿ ಎಡವದ ಮಕ್ಕಳೇ ಕಡಿಮೆ. ಅದೊಂದಕ್ಕೇ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಇನ್ನೊಂದು ಬಗೆಯ ತಪ್ಪು ಊಹೆಯದು. ಮೊದಲ ಅಕ್ಷರ ನೋಡಿ ಉಳಿದದ್ದನ್ನು ಮಗು ಕಟ್ಟಿಕೊಳ್ಳುತ್ತದೆ. 'ಕುದುರೆ' ಇದ್ದಲ್ಲಿ 'ಕುರಿ' ಎನ್ನುತ್ತದೆ. ಪಕ್ಕದಲ್ಲಿ ಚಿತ್ರವಿದ್ದರೆ ಅದನ್ನು ನೋಡಿಯೇ ಹೇಳಿಬಿಡುತ್ತದೆ. ಒತ್ತು ಬಿಡುವ ಮಗುವಿಗೆ ಆ ಅಕ್ಷರಗಳ ಪಾಠ ಇನ್ನೂ ಗಟ್ಟಿಯಾಗಿಲ್ಲದಿರಬಹುದು. ಊಹಿಸಿ ಓದುವ ಮಗುವಿಗೆ ಅಕ್ಷರ ಕೂಡಿಸುವ ಕೆಲಸವೇ ಭಾರವಾಗಿದೆ. ಎರಡೂ ಮಕ್ಕಳ ಅಂಕ ಒಂದೇ ಬರಬಹುದು. ಕಲಿಸಬೇಕಾದದ್ದು ಬೇರೆ ಬೇರೆ.

ರೆಕಾರ್ಡರ್ ಆ್ಯಪ್‌ನಲ್ಲಿ ಧ್ವನಿಯ ಅಲೆ ಕಾಣುತ್ತದಲ್ವಾ, ಅದನ್ನೂ ನೋಡಿ. ಅಲೆ ಚಪ್ಪಟೆಯಾಗಿರುವ ಜಾಗವೆಂದರೆ ಮಗು ಮಾತು ನಿಲ್ಲಿಸಿದ ಜಾಗ. ವಾಕ್ಯದ ಕೊನೆಗೆ ನಿಂತರೆ ಸಹಜ. ಪದದ ನಡುವೆ ನಿಂತರೆ, ಅದೂ ಒಂದೇ ಥರದ ಪದಗಳ ಮುಂದೆ ನಿಂತರೆ, ಆ ಪದಗಳನ್ನು ಪಟ್ಟಿ ಮಾಡಿ. ಪಟ್ಟಿಯಲ್ಲಿ ಹತ್ತು ಪದ ಸೇರುವಷ್ಟರಲ್ಲಿ ತೊಂದರೆ ಎಲ್ಲಿದೆ ಎಂಬ ಅಂದಾಜು ಸಿಗುತ್ತದೆ.

ಒಂದು ಎಚ್ಚರಿಕೆ. ಮಗು ಓದಿದ್ದನ್ನು ಫೋನಿನ ಧ್ವನಿ ಟೈಪಿಂಗ್‌ಗೆ ಕೇಳಿಸಿ, ಬಂದ ಬರಹವನ್ನು ಮೂಲದ ಜೊತೆ ಹೋಲಿಸುವ ಉಪಾಯ ಹಲವರಿಗೆ ಹೊಳೆಯುತ್ತದೆ. ಮಾಡಬೇಡಿ. ಆ ತಂತ್ರಜ್ಞಾನ ಇರುವುದೇ ಮಾತನ್ನು ತಿದ್ದಿ ಚಂದ ಮಾಡಲು. ಮಗು 'ಮರದ ಮೇಲೆ ಗಿಲಿ' ಎಂದರೆ ಅದು 'ಗಿಳಿ' ಎಂದೇ ಬರೆಯುತ್ತದೆ. ನಮಗೆ ಬೇಕಾದ ತಪ್ಪನ್ನೇ ಅಳಿಸಿಹಾಕುತ್ತದೆ. ಇದರ ಜೊತೆಗೆ ಹೆಚ್ಚಿನ ಧ್ವನಿ ಗುರುತಿಸುವ ವ್ಯವಸ್ಥೆಗಳು ಕಲಿತಿರುವುದು ದೊಡ್ಡವರ ಮಾತಿನಿಂದ. ಮಕ್ಕಳ ಧ್ವನಿ ತೆಳು, ತಡವರಿಕೆ ಜಾಸ್ತಿ. ಸರಿಯಾಗಿ ಓದಿದ್ದನ್ನೂ ತಪ್ಪೆಂದು ತೋರಿಸಬಹುದು. ಓದು ಕೇಳಿ ಅಂಕ ಕೊಡುವ ಆ್ಯಪ್‌ಗಳಿಗೂ ಈ ತೊಂದರೆ ತಪ್ಪಿದ್ದಲ್ಲ. ಅಭ್ಯಾಸಕ್ಕೆ ಅವು ಚೆನ್ನ, ತೀರ್ಪಿಗೆ ಅಲ್ಲ.

ಹೆಜ್ಜೆ 6: ಅರ್ಥವಿಲ್ಲದ ಪದಗಳು

ಮಿಲುಗ, ಗೊಪಿಟ, ಕೀರಂಪೆ, ದಸ್ಮೇಲು, ತುಬ್ಕಣಿ. ಇವು ಯಾವ ನಿಘಂಟಿನಲ್ಲೂ ಇಲ್ಲದ ಪದಗಳು. ಮಗು ಇವನ್ನು ಎಲ್ಲೂ ಕೇಳಿಲ್ಲ, ಆದ್ದರಿಂದ ನೆನಪಿನಿಂದ ಹೇಳಲು ಆಗದು. ಚಿತ್ರದ ಸಹಾಯವಿಲ್ಲ, ಊಹೆಗೂ ದಾರಿಯಿಲ್ಲ. ಅಕ್ಷರ ಕೂಡಿಸಿಯೇ ಓದಬೇಕು. ಹೀಗಾಗಿ ಪದ ಬಿಡಿಸುವ ಶಕ್ತಿಯನ್ನು ಅಳೆಯಲು ಇದಕ್ಕಿಂತ ನೇರವಾದ ಪರೀಕ್ಷೆ ಇನ್ನೊಂದಿಲ್ಲ. 2006ರಿಂದ ಅನೇಕ ದೇಶಗಳಲ್ಲಿ ಬಳಸುತ್ತಿರುವ ಇಜಿಆರ್‌ಎ ಎಂಬ ಓದಿನ ಪರೀಕ್ಷೆಯಲ್ಲೂ ಹುಸಿಪದಗಳ ಭಾಗವಿದೆ. ಇದನ್ನು ಟ್ಯಾಬ್ಲೆಟ್‌ನಲ್ಲಿ ದಾಖಲಿಸಲು ಟ್ಯಾಂಜರಿನ್ ಎಂಬ ಮುಕ್ತ ತಂತ್ರಾಂಶ ಇದೆ. ದೊಡ್ಡ ಶಾಲೆಗೆ, ಹತ್ತಾರು ಮಕ್ಕಳಿಗೆ ಮಾಡುವುದಿದ್ದರೆ ಅದು ಅನುಕೂಲ. ಒಂದೇ ಮಗುವಿಗೆ ಕಾಗದ ಸಾಕು.

ಇಂಥ ಪದಗಳನ್ನು ನೀವೇ ಇಪ್ಪತ್ತು ಮಾಡಿಕೊಳ್ಳಿ. ಅರ್ಧದಷ್ಟು ಒತ್ತಿಲ್ಲದವು, ಇನ್ನರ್ಧ ಒತ್ತಿರುವವು. ಮೊದಲೇ ಮಗುವಿಗೆ ಹೇಳಿಬಿಡಿ, 'ಇವಕ್ಕೆ ಅರ್ಥ ಇಲ್ಲ, ಸುಮ್ನೆ ತಮಾಷೆ ಪದಗಳು' ಎಂದು. ಇಲ್ಲದಿದ್ದರೆ ಪಾಪ, ಅರ್ಥ ಹುಡುಕುತ್ತಾ ಕೂರುತ್ತದೆ. ಮಾಮೂಲಿ ಪದಗಳನ್ನು ಚೆನ್ನಾಗಿ ಓದಿ ಹುಸಿಪದಗಳಲ್ಲಿ ಮಾತ್ರ ಕುಸಿದರೆ ಅದನ್ನು ಗಟ್ಟಿಯಾಗಿ ಗುರುತಿಸಿಕೊಳ್ಳಿ. ಮಗು ಪದಗಳನ್ನು ಬಿಡಿಸುತ್ತಿಲ್ಲ, ಇಡಿಯಾಗಿ ನೆನಪಿಟ್ಟುಕೊಂಡಿದೆ.

ಹೆಜ್ಜೆ 7: ಪುಸ್ತಕ ಮುಚ್ಚಿ ಸದ್ದುಗಳ ಆಟ

'ಬಾಗಿಲು' ಪದದಿಂದ 'ಗಿ' ತೆಗೆದರೆ ಏನು ಉಳಿಯುತ್ತದೆ? 'ಕಮಲ' ತಿರುಗಿಸಿ ಹೇಳು. 'ಹಲ್ಲು' ಪದದ ಮೊದಲ ಅಕ್ಷರದಲ್ಲಿ 'ಅ' ಇದೆಯಲ್ಲ, ಅದನ್ನು 'ಉ' ಮಾಡಿದರೆ? ಮೊದಲ ಎರಡರಲ್ಲಿ ಅಕ್ಷರವನ್ನು ಇಡಿಯಾಗಿ ಆಡಿಸಿದರೆ ಸಾಕು. ಮೂರನೆಯದರಲ್ಲಿ ಅಕ್ಷರದ ಒಳಗೇ ಕೈಹಾಕಬೇಕು. ಕನ್ನಡ ಓದುವ ಮಕ್ಕಳಿಗೆ ಅಕ್ಷರವನ್ನು ಇಡಿಯಾಗಿ ಆಡಿಸುವುದು ಬೇಗ ಬರುತ್ತದೆ, ಅಕ್ಷರದ ಒಳಗೆ ಕೈಹಾಕುವುದು ತಡವಾಗಿ. ಸೊನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಅಕ್ಷರಗಳೆಲ್ಲ ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ ಎಂಬುದೂ ಅದರಲ್ಲಿದೆ. ಕಾಗುಣಿತ ಸೇರಿದರೆ ನಾನೂರಕ್ಕೂ ಹೆಚ್ಚು ರೂಪಗಳು, ಮೇಲೆ ಒತ್ತಕ್ಷರಗಳು. ಇಪ್ಪತ್ತಾರು ಅಕ್ಷರದ ಭಾಷೆಯ ವೇಳಾಪಟ್ಟಿ ಹಿಡಿದು ಎರಡನೇ ತರಗತಿಯ ಮಗುವನ್ನು ಹಿಂದುಳಿದಿದೆ ಎನ್ನುವುದು ಅನ್ಯಾಯ.

ಈ ಪ್ರಶ್ನೆಗಳನ್ನು ನಿಮ್ಮ ಧ್ವನಿಯಲ್ಲೇ ಮೊದಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಪ್ರತಿ ಮಗುವಿಗೂ ಪ್ರತಿ ತಿಂಗಳೂ ಅದೇ ಧ್ವನಿ, ಅದೇ ವೇಗದಲ್ಲಿ ಪ್ರಶ್ನೆ ಕೇಳಿಸುತ್ತದೆ. ನಾವು ಬಾಯಲ್ಲಿ ಕೇಳುವಾಗ ಗೊತ್ತಿಲ್ಲದೆಯೇ ಉತ್ತರವನ್ನು ಎಳೆದು ಹೇಳಿ ಸುಳಿವು ಕೊಟ್ಟುಬಿಡುತ್ತೇವೆ.

ಹೆಜ್ಜೆ 8: ಸರಸರ ಹೆಸರು ಹೇಳುವುದು

ಐದು ಚಿತ್ರ ಆರಿಸಿ. ಬೆಕ್ಕು, ಮರ, ಕಣ್ಣು, ಮನೆ, ಚೆಂಡು ಆಗಬಹುದು. ಇವನ್ನೇ ಕಲಸಿ, ಸಾಲಿಗೆ ಹತ್ತರಂತೆ ಐದು ಸಾಲು, ಒಟ್ಟು 50 ಚಿತ್ರಗಳ ಒಂದು ಸ್ಲೈಡ್ ಮಾಡಿ. ಮಗು ಎಡದಿಂದ ಬಲಕ್ಕೆ ಒಂದೂ ಬಿಡದೆ ಹೆಸರು ಹೇಳುತ್ತಾ ಹೋಗಲಿ. ಎಷ್ಟು ಸೆಕೆಂಡ್ ಹಿಡಿಯಿತು ಎಂದು ನೋಡಿ. ಡೆಂಕ್ಲಾ ಮತ್ತು ರುಡೆಲ್ 1970ರ ದಶಕದಲ್ಲಿ ರೂಪಿಸಿದ ಪರೀಕ್ಷೆ ಇದು. ಗೊತ್ತಿರುವ ಹೆಸರು ನಾಲಿಗೆಗೆ ಬರುವ ವೇಗಕ್ಕೂ ಓದಿನ ವೇಗಕ್ಕೂ ನಂಟಿದೆ. ಒಂದು ಮಾತು: ಇದನ್ನು ದಿನಾ ಅಭ್ಯಾಸ ಮಾಡಿಸಬೇಡಿ. ಅಭ್ಯಾಸದಿಂದ ಈ ಸಂಖ್ಯೆ ಚೆನ್ನಾಗಬಹುದು, ಓದು ಅದರಿಂದ ಸುಧಾರಿಸುವುದಿಲ್ಲ.

ಹೆಜ್ಜೆ 9: ಓದಿ ಅರ್ಥವಾದದ್ದು, ಕೇಳಿ ಅರ್ಥವಾದದ್ದು

ಒಂದೇ ಮಟ್ಟದ ಎರಡು ಸಣ್ಣ ಕತೆ ತೆಗೆದುಕೊಳ್ಳಿ. ಒಂದನ್ನು ಮಗು ತಾನೇ ಓದಲಿ. ಇನ್ನೊಂದನ್ನು ನೀವು ಓದಿ ರೆಕಾರ್ಡ್ ಮಾಡಿ ಕೇಳಿಸಿ. ಎರಡರ ಮೇಲೂ ಐದೈದು ಪ್ರಶ್ನೆ. ಪ್ರಶ್ನೆಗಳು 'ಯಾರು, ಎಲ್ಲಿ' ಎಂಬಷ್ಟಕ್ಕೇ ನಿಲ್ಲದೆ, 'ಅವನಿಗೆ ಯಾಕೆ ಸಿಟ್ಟು ಬಂತು' ಎಂಬಂಥವೂ ಇರಲಿ.

ಕೇಳಿದ ಕತೆಗೆ ಚೆನ್ನಾಗಿ ಉತ್ತರಿಸಿ ಓದಿದ ಕತೆಗೆ ತಡವರಿಸಿದರೆ ತೊಂದರೆ ಪದ ಬಿಡಿಸುವುದರಲ್ಲಿದೆ. ಡಿಸ್ಲೆಕ್ಸಿಯಾ ಅನುಮಾನಕ್ಕೆ ಬಲ ಬರುವುದು ಇಲ್ಲೇ. ಎರಡರಲ್ಲೂ ತಡವರಿಸಿದರೆ ಭಾಷೆಯ ಕಡೆ ನೋಡಿ. ಮನೆಮಾತು ಬೇರೆಯಿದ್ದು ಶಾಲೆಯ ಭಾಷೆ ಇನ್ನೂ ಹತ್ತದಿರಬಹುದು, ಕಿವಿಯ ತೊಂದರೆ ಇರಬಹುದು, ಮಾತಿನ ಬೆಳವಣಿಗೆಯೇ ನಿಧಾನವಿರಬಹುದು. ನಿರರ್ಗಳವಾಗಿ ಓದಿಯೂ ಅರ್ಥ ಹೇಳಲಾಗದ ಮಕ್ಕಳೂ ಇದ್ದಾರೆ. ಅವರನ್ನು 'ಚೆನ್ನಾಗಿ ಓದುತ್ತಾನೆ' ಎಂದು ಯಾರೂ ಗಮನಿಸುವುದೇ ಇಲ್ಲ.

ಎರಡು ಭಾಷೆ ಕಲಿಯುವ ಮಗುವಾದರೆ ಇಷ್ಟನ್ನೂ ಎರಡರಲ್ಲೂ ಮಾಡಿ. ಕನ್ನಡದಲ್ಲಿ ಸಲೀಸಾಗಿ ಓದಿ ಇಂಗ್ಲಿಷ್‌ನಲ್ಲಿ ಮಾತ್ರ ಎಡವಿದರೆ ಮೊದಲು ಇಂಗ್ಲಿಷ್ ಕಲಿಸಿದ ರೀತಿಯನ್ನು ನೋಡಿ. ಆದರೆ ಇಂಗ್ಲಿಷ್‌ನ ಗೋಜಲು ಸ್ಪೆಲಿಂಗ್‌ನಲ್ಲಿ ಮಾತ್ರ ಎದ್ದು ಕಾಣುವ ಡಿಸ್ಲೆಕ್ಸಿಯಾವೂ ಉಂಟು. ಪೂರ್ತಿ ತಳ್ಳಿಹಾಕಬೇಡಿ.

ಹೆಜ್ಜೆ 10: ಕಲಿಸಿ, ಮತ್ತೆ ಅಳೆಯಿರಿ

ಒಂದು ದಿನದ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ. ಮಗುವಿಗೆ ನಿದ್ದೆ ಕಡಿಮೆಯಾಗಿರಬಹುದು, ಸಿಟ್ಟು ಬಂದಿರಬಹುದು. ಐದನೇ ಹೆಜ್ಜೆಯಲ್ಲಿ ಸಿಕ್ಕ ತಪ್ಪುಗಳನ್ನೇ ಹಿಡಿದು ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ ಹದಿನೈದಿಪ್ಪತ್ತು ನಿಮಿಷ ಕಲಿಸಿ. ಎರಡು ವಾರಕ್ಕೊಮ್ಮೆ ಹೊಸ ತುಣುಕು ಕೊಟ್ಟು ಒಂದು ನಿಮಿಷ ರೆಕಾರ್ಡ್ ಮಾಡಿ. ಸ್ಪ್ರೆಡ್‌ಶೀಟಿನಲ್ಲಿ ದಿನಾಂಕ, ಸರಿಯಾದ ಅಕ್ಷರಗಳು, ತಪ್ಪಿನ ಬಗೆ ಇಷ್ಟು ತುಂಬಿ ಗ್ರಾಫ್ ಹಾಕಿ.

ಗೆರೆ ಏರುತ್ತಿದ್ದರೆ ಮಗುವಿಗೆ ಬೇಕಾಗಿದ್ದದ್ದು ಕಲಿಸುವವರ ಸಮಯ, ಅಷ್ಟೇ. ಮನಸ್ಸಿಟ್ಟು ಕಲಿಸಿದರೂ ಗೆರೆ ಅಲ್ಲಾಡದಿದ್ದರೆ ಆಗ ಡಿಸ್ಲೆಕ್ಸಿಯಾ ಅನುಮಾನ ಗಟ್ಟಿ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಕೂಡ ಇದನ್ನೇ ಕೇಳುತ್ತದೆ. ವಿಶೇಷವಾಗಿ ಕಲಿಸಿದ ಮೇಲೂ ತೊಂದರೆ ಕನಿಷ್ಠ 6 ತಿಂಗಳು ಉಳಿದಿರಬೇಕು ಎಂಬುದು ಅದರ ನಿಯಮಗಳಲ್ಲಿ ಒಂದು. ಐಕ್ಯೂ ಹೆಚ್ಚಿರಬೇಕು, ಓದು ಕಡಿಮೆಯಿರಬೇಕು ಎಂಬ ಹಳೆಯ ಲೆಕ್ಕ ಈಗ ಅದರಲ್ಲಿಲ್ಲ. 6 ತಿಂಗಳು ಎಂದರೆ ಸುಮ್ಮನೆ ಕಾಯುವುದಲ್ಲ, ಕಲಿಸುತ್ತಾ ಕಳೆಯುವ 6 ತಿಂಗಳು. 'ದೊಡ್ಡವನಾದರೆ ಸರಿಹೋಗುತ್ತೆ ಬಿಡಿ' ಎಂಬ ಸಲಹೆ ಕೇಳಿ ಎರಡು ವರ್ಷ ಕಳೆದುಕೊಂಡವರು ಬಹಳ.

ಆ್ಯಪ್‌ಗಳ ಮಾತಿಗೆ ಎಷ್ಟು ಬೆಲೆ?

ಈಗ ಬರೀ ರೆಕಾರ್ಡಿಂಗ್ ಅಲ್ಲ, ಇನ್ನೂ ಮುಂದೆ ಹೋದ ತಂತ್ರಜ್ಞಾನಗಳಿವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರೋರ್ ಎಂಬ ಪರೀಕ್ಷೆ ಬ್ರೌಸರ್‌ನಲ್ಲೇ ನಡೆಯುತ್ತದೆ. ಪದವೊಂದು ಮಿಂಚಿ ಮರೆಯಾಗುತ್ತದೆ. ಅದು ನಿಜವಾದ ಪದವೋ ಹುಸಿಪದವೋ ಎಂದು ಮಗು ಬಟನ್ ಒತ್ತಬೇಕು. ಗಟ್ಟಿಯಾಗಿ ಓದಿಸುವ ಅಗತ್ಯವೇ ಇಲ್ಲ, ಆದರೂ ಫಲಿತಾಂಶ ಎದುರು ಕೂರಿಸಿ ಮಾಡಿದ ಪರೀಕ್ಷೆಗೆ ಬಹಳ ಹತ್ತಿರ ಬಂದಿದೆ. ಜಾಣ ಉಪಾಯ.

ಇನ್ನೊಂದು, ಓದುವಾಗ ಕಣ್ಣಿನ ಚಲನೆ ಹಿಂಬಾಲಿಸುವ ಕ್ಯಾಮೆರಾ. ಡಿಸ್ಲೆಕ್ಸಿಯಾ ಇರುವ ಮಕ್ಕಳ ಕಣ್ಣು ಪದಗಳ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತದೆ, ಮತ್ತೆ ಮತ್ತೆ ಹಿಂದಕ್ಕೆ ಬರುತ್ತದೆ. ಓದು ಕಷ್ಟವಾದದ್ದರಿಂದ ಕಣ್ಣು ಹಾಗೆ ಓಡುತ್ತದೆಯೇ ಹೊರತು ಕಣ್ಣಿನಿಂದ ಓದು ಕೆಟ್ಟಿದ್ದಲ್ಲ. 'ಕಣ್ಣಿನ ವ್ಯಾಯಾಮದಿಂದ ಡಿಸ್ಲೆಕ್ಸಿಯಾ ವಾಸಿ' ಎಂದು ಯಾರಾದರೂ ಹೇಳಿದರೆ ದುಡ್ಡು ಜೇಬಿನಲ್ಲೇ ಇಟ್ಟುಕೊಳ್ಳಿ. 2016ರಲ್ಲಿ ಸ್ವೀಡನ್ನಿನ ಸಂಶೋಧಕರು 185 ಮಂದಿಯ ಕಣ್ಣಿನ ಚಲನೆಯಿಂದಲೇ ಸುಮಾರು 95 ಶೇಕಡಾ ಸರಿಯಾಗಿ ವಿಂಗಡಿಸಿದ್ದಾಗಿ ಪ್ರಕಟಿಸಿದರು. ಕೇಳಲು ಭರ್ಜರಿಯಾಗಿದೆ. ಆದರೆ ಆ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು, 97 ಮಂದಿ, ಮೊದಲೇ ಓದಿನ ತೊಂದರೆಯ ಗುಂಪಿಗೆ ಸೇರಿದವರು. ನಮ್ಮ ತರಗತಿಗಳು ಹಾಗಿರುವುದಿಲ್ಲ.

ಒಂದು ಲೆಕ್ಕ ಹಾಕೋಣ. 1000 ಮಕ್ಕಳಲ್ಲಿ 50 ಮಕ್ಕಳಿಗೆ ಡಿಸ್ಲೆಕ್ಸಿಯಾ ಇದೆ ಎಂದುಕೊಳ್ಳಿ. ಪರೀಕ್ಷೆ ಎರಡೂ ಕಡೆ 95 ಶೇಕಡಾ ಸರಿ. ಆ 50ರಲ್ಲಿ 47 ಅಥವಾ 48 ಮಕ್ಕಳನ್ನು ಅದು ಹಿಡಿಯುತ್ತದೆ. ಉಳಿದ 950 ಮಕ್ಕಳಲ್ಲಿ 5 ಶೇಕಡಾ, ಅಂದರೆ ಮತ್ತೆ 47 ಅಥವಾ 48 ಮಕ್ಕಳಿಗೆ ತಪ್ಪಾಗಿ ಕೆಂಪು ತೋರಿಸುತ್ತದೆ. ಕೆಂಪು ಬಂದ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಏನೂ ಇಲ್ಲ! ಇಷ್ಟು ಒಳ್ಳೆಯ ಪರೀಕ್ಷೆಯ ಗತಿಯೇ ಹೀಗಾದರೆ ಆಟದ ಆ್ಯಪ್‌ನದ್ದು ಕೇಳಬೇಕೆ? ಸ್ಕ್ರೀನಿಂಗ್ ಅಂದರೆ ಯಾವ ಮಗುವನ್ನು ಮುಂದೆ ಚೆನ್ನಾಗಿ ನೋಡಬೇಕು ಎಂದು ಆರಿಸುವುದು. ಅದು ರೋಗನಿರ್ಣಯ ಅಲ್ಲ.

ಆ್ಯಪ್ ಆರಿಸುವಾಗ ಮೂರು ವಿಷಯ ವಿಚಾರಿಸಿ. ಮಗು ಓದುವ ಭಾಷೆಯ ಮಕ್ಕಳ ಮೇಲೆ ಅದನ್ನು ಪರೀಕ್ಷಿಸಿದ್ದಾರೆಯೇ? ಎಷ್ಟು ಮಕ್ಕಳು, ಯಾವ ವಯಸ್ಸು ಎಂದು ಹೇಳಿದ್ದಾರೆಯೇ? ಮಗುವಿನ ಧ್ವನಿ ಎಲ್ಲಿ ಉಳಿಯುತ್ತದೆ, ಅಳಿಸಲು ಬರುತ್ತದೆಯೇ? ಮೂರನೆಯದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಟೀಚರ್‌ಗಳು ತಂದೆತಾಯಿಯ ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡಬಾರದು, ವಾಟ್ಸಾಪ್ ಗುಂಪಿಗಂತೂ ಹಾಕಲೇಬಾರದು.

ಕನ್ನಡಕ್ಕೇ ಎಂದು ಮಾಡಿದ ಸಾಧನ ಬೇಕೆಂದರೆ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ ಡಾಲಿ ಇದೆ. 2015ರಲ್ಲಿ ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್‌ಗಳಲ್ಲಿ ಬಂತು. ಅದರಲ್ಲಿ ಟೀಚರ್‌ಗಳಿಗೆ ಸ್ಕ್ರೀನಿಂಗ್ ಭಾಗ ಬೇರೆ, ಮನಶ್ಶಾಸ್ತ್ರಜ್ಞರಿಗೆ ಪೂರ್ತಿ ಪರೀಕ್ಷೆ ಬೇರೆ.

ಹೆಜ್ಜೆ 11: ತಜ್ಞರ ಹತ್ತಿರ ಹೋಗುವಾಗ

ನಿರ್ಣಯ ಕೊಡುವವರು ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಕಲಿಕೆಯ ತೊಂದರೆಗಳಲ್ಲಿ ತರಬೇತಿ ಪಡೆದ ತಜ್ಞರು. ಅವರ ಎದುರು ಹೊಸ ಜಾಗದಲ್ಲಿ ಮಗು ಒಂದೆರಡು ಗಂಟೆ ಓದುತ್ತದೆ. ನಿಮ್ಮ ಬಳಿ ತಿಂಗಳುಗಳ ಓದು ಇದೆ. ಎರಡೂ ಸೇರಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮೊದಲ ಮತ್ತು ಕೊನೆಯ ರೆಕಾರ್ಡಿಂಗ್, ಗುರುತು ಹಾಕಿದ ಪಾಠದ ಹಾಳೆಗಳು, ಗ್ರಾಫ್, ಉಕ್ತಲೇಖನದ ಒಂದೆರಡು ಪುಟ, ಕಣ್ಣು ಕಿವಿಯ ವರದಿ, ಮನೆತನದ ವಿವರ, ಏನೇನು ಕಲಿಸಿದಿರಿ ಎಂಬ ಟಿಪ್ಪಣಿ. ಇಷ್ಟು ಒಂದು ಫೋಲ್ಡರಿನಲ್ಲಿಡಿ. ಆ್ಯಪ್ ಕೊಟ್ಟ ಅಂಕವನ್ನು ಕೊನೆಗೆ ಇಡಿ, ಇಡದಿದ್ದರೂ ನಡೆಯುತ್ತದೆ.

ವರದಿ ಕೈಗೆ ಬರುವವರೆಗೆ ಮಗುವಿನ ಕಲಿಕೆ ನಿಲ್ಲಬಾರದು. ವಿಜ್ಞಾನ, ಸಮಾಜದ ಪಾಠಗಳನ್ನು ಫೋನಿನ ಓದಿ ಹೇಳುವ ಸೌಲಭ್ಯದಿಂದ ಕೇಳಿಸಿ. ಉತ್ತರವನ್ನು ಬಾಯಲ್ಲಿ ಹೇಳಲು ಬಿಡಿ. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದರೆ ಡಿಸ್ಲೆಕ್ಸಿಯಾ ಇರುವ ಮಕ್ಕಳು ಸ್ವಲ್ಪ ಬೇಗ, ಸರಿಯಾಗಿ ಓದಿದ್ದು ಇಟಲಿ ಮತ್ತು ಫ್ರಾನ್ಸಿನ ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡಿದೆ. ಖರ್ಚಿಲ್ಲದ್ದು, ಮಾಡಿ ನೋಡಿ. ಬಣ್ಣದ ಗಾಜು, ಬಣ್ಣದ ಹಾಳೆ, ವಿಶೇಷ ಫಾಂಟ್‌ಗಳಿಗೆ ಗಟ್ಟಿ ಆಧಾರ ಸಿಕ್ಕಿಲ್ಲ. ಮಗುವಿಗೆ ಇಷ್ಟವಾದರೆ ಇರಲಿ, ಚಿಕಿತ್ಸೆ ಎಂದುಕೊಂಡು ದುಡ್ಡು ಸುರಿಯಬೇಡಿ. ಮತ್ತೆ, ಈ ರೆಕಾರ್ಡಿಂಗ್‌ಗಳನ್ನು ಅಣ್ಣತಮ್ಮಂದಿರ ಎದುರು, ನೆಂಟರ ಎದುರು ಹಾಕಿ ಕೇಳಿಸಬೇಡಿ. ಮೊದಲ ತಿಂಗಳದ್ದನ್ನೂ ಈ ತಿಂಗಳದ್ದನ್ನೂ ಮಗುವಿಗೆ ಮಾತ್ರ ಕೇಳಿಸಿ, ಅದೂ ಗೆರೆ ಮೇಲೆ ಹೋಗಿದ್ದಾಗ.